ಮಗುಚಿದ ಬೆಲ್ಟು

ಸತ್ತವನ ತಮ್ಮ ಉಸಿರು ಬಿಗಿಹಿಡಿದು ಹುಲ್ಲು ಕತ್ತರಿಸುವ ಗಾಡಿಯಡಿ ಬೆಲ್ಟನ್ನು ಮೂರನೆಯ ಪುಲ್ಲಿಯ ಗಾಲಿಗೆ ಏರಿಸಿದ. ಗಾಡಿ ಹತ್ತಿ ಕೂತು ಚಾಲೂ ಮಾಡಿದ. ಗಾಡಿ ನಾಲ್ಕು ಮಾರು ಹೋಯಿತೋ ಇಲ್ಲವೋ, ಬೆಲ್ಟು ಮತ್ತೆ ಕಳಚಿಕೊಂಡಿತು.

"ನಾನು ಬೇಕರಿಯವನು ಅತ್ತಿಗೆ. ಬ್ರೆಡ್ಡು ಸುಡು ಅಂದ್ರೆ ಸುಡ್ತೀನಿ. ಇದು ನನ್ನ ಕೈಲಾಗಲ್ಲ."

ಅತ್ತಿಗೆ ಷೆಡ್ಡಿನ ಬಾಗಿಲಲ್ಲಿ ಶಾಲು ಹೊದ್ದು ಕೂತಿದ್ದಳು. ಈ ಸ್ಮಶಾನದ ಹುಲ್ಲನ್ನು ಇಷ್ಟು ವರ್ಷ ಕತ್ತರಿಸಿದವನು ಅವಳ ಗಂಡ. ಅವನು ಆಸ್ಪತ್ರೆ ಸೇರಿದ ಮೇಲೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಯಾರನ್ನೇ ಮಣ್ಣು ಮಾಡುವುದಿರಲಿ, ಹುಲ್ಲು ಒಪ್ಪವಾಗದೆ ಗೇಟು ತೆಗೆದವನಲ್ಲ ಅವನು. ಇವತ್ತು ಸಂಜೆ ಅವನನ್ನೇ ತರುತ್ತಾರೆ.

"ಬಿಡಮ್ಮ, ಗುಂಡಿ ಸುತ್ತ ಕುಡುಗೋಲಲ್ಲಿ ಸವರಿಬಿಡ್ತೀನಿ," ಎಂದ ಸ್ಮಶಾನದ ಮೇಸ್ತ್ರಿ. "ಈ ಗಾಡಿ ಬಗ್ಗುತ್ತಿದ್ದಿದ್ದು ಅವನ ಕೈಗೊಂದೇ."

ಅವನ ಕೈ!

*

ಎರಡು ವರ್ಷದ ಹಿಂದೆ ಆ ಕೈ ನಡುಗತೊಡಗಿತ್ತು. ಚಹಾದ ಲೋಟವೇ ನಿಲ್ಲದ ಕೈಯಲ್ಲಿ ನಟ್ಟು ನಿಂತೀತೇ? ಮೇಸ್ತ್ರಿಗೆ ರಜೆಯಿರುವ ಭಾನುವಾರ ಗಂಡಹೆಂಡತಿ ಷೆಡ್ಡಿನ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಅವಳು ಗಾಡಿಯಡಿ ಮಲಗಿ ರಿಪೇರಿ ಮಾಡುವಳು, ಅವನು ಹೇಳಿಕೊಡುವನು.

"ಎಡಕ್ಕೆ ಕಣೇ, ಎಡಕ್ಕೆ!"

"ನಿಮ್ಮ ಎಡವೋ ನನ್ನ ಎಡವೋ, ನೆಟ್ಟಗೆ ಹೇಳಿ."

ಇಬ್ಬರೂ ನಕ್ಕಿದ್ದರು. ಆಮೇಲೆ ಅವನು ಮುಖ ತಿರುಗಿಸಿಕೊಂಡ.

"ಕೈ ಹೋಯ್ತು ಅಂತ ಯಾರಿಗೂ ಗೊತ್ತಾಗ್ಬಾರ್ದು. ನಾನು ಸತ್ತ ಮೇಲೂ."

ಅವಳು ಮಾತು ಕೊಟ್ಟಿದ್ದಳು.

*

ಮೈದುನ ಸ್ಪ್ಯಾನರು ಬಿಸಾಡಿದ. ಅವಳು ಅರ್ಧ ಎದ್ದು ಮತ್ತೆ ಕೂತಳು. ತಾನೇ ಗಾಡಿಯಡಿ ನುಸುಳಿದರೆ ಕೆಲಸವೇನೋ ಆಗುತ್ತದೆ, ಗಂಡನ ಮಾನ ಹೋಗುತ್ತದೆ.

"ಬೆಲ್ಟು ಮಗುಚಿದೆ ನೋಡು," ಎಂದಳು. "ಸ್ಪ್ರಿಂಗಿರೋ ಪುಲ್ಲಿಗೆ ಅದರ ಚಪ್ಪಟೆ ಬೆನ್ನು ತಾಗ್ಬೇಕು. ಚೂಪು ಕಡೆ ಮಿಕ್ಕ ಪುಲ್ಲಿಗಳ ಸಂದೀಲಿ ಕೂರ್ಬೇಕು."

ಮೇಸ್ತ್ರಿ ಹುಬ್ಬೇರಿಸಿದ. "ನಿಂಗೆ ಹೇಗಮ್ಮ ಗೊತ್ತು?"

"ಊಟಕ್ಕೆ ಕೂತ್ರೂ ಅದೇ ಪುರಾಣ ಅವರದು. ಕೇಳಿ ಕೇಳಿ ಕಿವಿ ತೂತಾಗಿತ್ತು."

ಮೈದುನ ಬೆಲ್ಟನ್ನು ಹೊರಳಿಸಿ ಏರಿಸಿದ. ಈ ಸಲ ಗಾಡಿ ನಿಲ್ಲಲಿಲ್ಲ. ಹುಲ್ಲು ಸಾಲಾಗಿ ಮಲಗುತ್ತಾ ಹೋಯಿತು, ಹಸಿ ವಾಸನೆ ಷೆಡ್ಡಿನವರೆಗೂ ಬಂತು. ಅವಳಿಗೆ ಅಳು ಒತ್ತರಿಸಿ ಬಂತು.

"ಎಂಥಾ ಕೈ ಅದು!" ಮೇಸ್ತ್ರಿ ಕಣ್ಣೊರೆಸಿಕೊಂಡ. "ಕೊನೇವರೆಗೂ ಒಂಚೂರು ಹದ ತಪ್ಪಲಿಲ್ಲ."

"ಇಲ್ಲ," ಎಂದಳು ಅವಳು. "ತಪ್ಪಲಿಲ್ಲ."

ಶಾಲಿನೊಳಗೆ, ಯಾರಿಗೂ ಕಾಣದಂತೆ, ಅವಳ ಬೆರಳುಗಳು ಒಂದೊಂದೇ ಪುಲ್ಲಿಯನ್ನು ತಡವಿ ಹುಡುಕಿ ಬೆಲ್ಟು ಏರಿಸುತ್ತಲೇ ಇದ್ದವು.