ಬೋರಪ್ಪ ಯಾರ ಮಗ

ವಂಶವೃಕ್ಷ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅನಂತರಾಜುವಿನ ನೆಂಟರೆಲ್ಲ ಪಹಣಿ ತೆಗೆದು ನೋಡಿಕೊಳ್ಳುತ್ತಿದ್ದರು. ಆಸ್ತಿ ಭಾಗವಾಗುವಾಗ ತಾನೇ ಆ ಕಾಗದದ ಕೆಲಸ? ಹಾಗಾಗಿ ಅವನು ಫೋನು ಮಾಡಿ 'ನಿಮ್ಮ ತಾತನ ಹೆಸರೇನು?' ಎಂದರೆ, 'ಯಾವ ಸರ್ವೆ ನಂಬರಿಗಣ್ಣ?' ಎಂಬ ಪ್ರಶ್ನೆಯೇ ಮೊದಲು ಬರುತ್ತಿತ್ತು. 'ಸುಮ್ನೆ, ತಿಳ್ಕೊಳ್ಳೋಕೆ' ಎಂದರೆ ಅನುಮಾನ ಇನ್ನೂ ಬಲಿಯುತ್ತಿತ್ತು. ಸತ್ತವರ ಹೆಸರನ್ನು ಸುಮ್ಮನೆ ಯಾರು ಕೇಳುತ್ತಾರೆ?

ಅನಂತರಾಜು ನಿಜಕ್ಕೂ ಸುಮ್ಮನೆ ಕೇಳುತ್ತಿದ್ದ. ತುಮಕೂರಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತ. ಹಗಲು ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತಲೇ ಬಿ.ಎ. ಮುಗಿಸಿದವನು. ಅಲ್ಲಿನ ಚರಿತ್ರೆ ಮೇಷ್ಟ್ರು ಹೇಳಿದ್ದ 'ಆಧಾರ ಇಲ್ಲದ್ದನ್ನು ಬರೆಯಬೇಡಿ' ಎಂಬ ಮಾತು ಅವನ ತಲೆಯಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. 'ನಮ್ಮನೆಯೋರು ತಮ್ಮ ಹುಟ್ಟಿದ ತಾರೀಖನ್ನೂ ಇಬ್ಬರನ್ನ ಕೇಳಿ ನಂಬಿದೋರು' ಎಂದು ಹೆಂಡತಿ ನೇತ್ರಾವತಿ ಆಡಿಕೊಳ್ಳುತ್ತಿದ್ದಳು.

ನಾಲ್ಕು ವರ್ಷ ಅಲೆದು, ಬೆಳ್ಳಾವಿಯ ಮೂಲಪುರುಷ ಪುಟ್ಟರಂಗಯ್ಯನಿಂದ ಹಿಡಿದು ನೂರ ಎಂಬತ್ತನಾಲ್ಕು ಹೆಸರು ಕೂಡಿಸಿದ್ದ. ಭಾನುವಾರ ದೇವರಾಯನದುರ್ಗದ ಛತ್ರದಲ್ಲಿ ಇಡೀ ವಂಶದವರು ಸೇರಿ ಊಟ ಮಾಡುವುದೆಂದೂ, ಅಲ್ಲಿ ಈ ವಂಶವೃಕ್ಷದ ಫ್ಲೆಕ್ಸ್ ಕಟ್ಟುವುದೆಂದೂ ತೀರ್ಮಾನವಾಗಿತ್ತು.

ಗುರುವಾರ ಕೊತ್ತಗೆರೆಯಿಂದ ಹನುಮಕ್ಕ ಫೋನು ಮಾಡಿದಳು. ವಯಸ್ಸು ಎಂಬತ್ತೆರಡು, ದನಿ ನಲವತ್ತರದ್ದು.

'ಅನಂತು, ನಮ್ಮಪ್ಪನ ಹೆಸರು ಹಾಕಿದೀಯೇನ್ಲಾ?'

'ಅಕ್ಕ, ಬೋರಪ್ಪ ಅನ್ನೋ ಹೆಸರು ಬೆಳ್ಳಾವಿಯ ಯಾವ ದಾಖಲೆಯಲ್ಲೂ ಇಲ್ಲ...'

'ಬೆಳ್ಳಾವಿ ಪುಟ್ಟರಂಗಯ್ಯನ ಮನೆಯಿಂದ ಇಲ್ಲಿಗೆ ಮನೆ ಅಳಿಯನಾಗಿ ಬಂದೋರು ಕಣೋ. ನಂಗೆ ನಾಲ್ಕು ವರ್ಷ ಆಗಿದ್ದಾಗ ತೀರೋಗ್ಬುಟ್ರು. ನಮ್ಮವ್ವ ಯಾವತ್ತೂ ಅವರ ಹೆಸರು ಹೇಳ್ದೋಳಲ್ಲ. ಊರೋರು ಬೋರಪ್ಪ ಅಂತಿದ್ರು, ನಾನೂ ಅಂದೆ. ಈಗ ನಾನು ದಾಖಲೆ ಎಲ್ಲಿಂದ ತರ್ಲಿ? ಬೋರ್ಡಲ್ಲಿ ನಮ್ಮಪ್ಪ ಇಲ್ದಿದ್ರೆ ನಾನೂ ಬರಲ್ಲ ಬುಡು. ಯಾರ ಮನೆ ಊಟಕ್ಕೋ ನಾನ್ಯಾಕೆ ಬರ್ಲಿ?'

ಫೋನು ಕಟ್ಟಾಯಿತು. ಅನಂತರಾಜು ಪಟ್ಟಿ ಹರಡಿಕೊಂಡು ಕೂತ. ಆಧಾರವಿಲ್ಲದೆ ಬರೆದರೆ ಮಿಕ್ಕ ನೂರ ಎಂಬತ್ತನಾಲ್ಕು ಹೆಸರೂ ಸುಳ್ಳಾದಂತೆ; ಬರೆಯದಿದ್ದರೆ ಒಬ್ಬ ಮುದುಕಿಯನ್ನು ಮನೆಯಿಂದ ಆಚೆ ನಿಲ್ಲಿಸಿದಂತೆ. ಯಾವುದನ್ನು ಮಾಡಿದರೂ ತಪ್ಪು ತನ್ನದೇ. ಅವನ ಪಟ್ಟಿಯಲ್ಲಿ ಬಿಡಿಸಲಾಗದ ಗಂಟು ಇನ್ನೊಂದಿತ್ತು. ಮೂಲಪುರುಷನ ಹೆಸರನ್ನೇ ಹೊತ್ತ ಮೊಮ್ಮಗ, ಚಿಕ್ಕ ಪುಟ್ಟರಂಗಯ್ಯ, ಶಾಲೆಯ ಹಳೆಯ ಹಾಜರಿ ಪುಸ್ತಕದಲ್ಲೊಮ್ಮೆ ಮುಖ ತೋರಿಸಿ ಆಮೇಲೆ ಮಾಯವಾಗಿದ್ದ. ಅವನ ಕೆಳಗೆ ಅನಂತರಾಜು 'ಮುಂದಿನ ವಿವರ ತಿಳಿದಿಲ್ಲ' ಎಂದಷ್ಟೇ ಬರೆದಿದ್ದ.

ಶನಿವಾರ ಗುಬ್ಬಿಗೆ ಹೋದ. ಅಲ್ಲಿ ದಾಯಾದಿ ಗಂಗಾಧರನ ಮನೆಯ ಅಟ್ಟದಲ್ಲಿ ಹಳೆಯ ಪೆಟ್ಟಿಗೆಯೊಂದಿತ್ತು. ಇಬ್ಬರೂ ಧೂಳು ಕುಡಿದು ಕೆಳಗಿಳಿಸಿದರೆ ಅದರ ತುಂಬ ಕರೆಂಟು ಬಿಲ್ಲು.

ಪಡಸಾಲೆಯಲ್ಲಿ ಗಂಗಾಧರನ ತಾಯಿ ಹೊಂಬಾಳಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ತೊಂಬತ್ತೆರಡಾದರೂ ಕೈ ನಿಂತಿರಲಿಲ್ಲ.

'ಬಂದಾಗಿಂದ ಏನೋ ಹುಡುಕ್ತಿದೀಯ, ಅನಂತು?'

'ಬೋರಪ್ಪ ಅಂತ ಒಬ್ರು, ದೊಡ್ಡಮ್ಮ. ಕೊತ್ತಗೆರೆಗೆ ಮನೆ ಅಳಿಯನಾಗಿ ಹೋದೋರು. ಯಾರ ಮಗ ಅಂತ್ಲೇ ಗೊತ್ತಾಗ್ತಿಲ್ಲ.'

'ಅಯ್ಯೋ ಶಿವನೇ! ನಮ್ ಭಾವ ಕಣೋ ಅವ್ರು. ನಮ್ಮೆಜಮಾನ್ರ ಸ್ವಂತ ಅಣ್ಣ.'

ಅನಂತರಾಜು ಅವಳೆದುರು ಕುಕ್ಕರಿಸಿದ. 'ದೊಡ್ಡಪ್ಪಂಗೆ ಅಣ್ಣ ಒಬ್ರೇ ಅಲ್ವಾ? ಶಾಲೆ ಪುಸ್ತಕದಲ್ಲಿ ಬೇರೆ ಹೆಸರಿದೆ.'

'ಬೋರಪ್ಪ ಅಂತ ಕರೆದೋರು ನಮ್ಮತ್ತೆ. ಮಗೂಗೆ ಅವ್ರ ಮಾವನ ಹೆಸರೇ ಇಟ್ಬುಟ್ರೆ ಪಾಪ ಅವ್ರು ಬಾಯ್ಬಿಟ್ಟು ಕರೆಯೋದೆಂಗೆ? ಹೊಲದಲ್ಲಿರೋ ಬೋರೇದೇವರ ಹೆಸರಿಡಿದು ಕೂಗೋರು. ಅದೇ ನಿಂತೋಯ್ತು.'

'ಹಂಗಾದ್ರೆ ನಿಜವಾದ ಹೆಸರೇನು? ನನ್ನ ಊಹೆ ಸಾಲ್ದು, ನೀವೇ ಹೇಳ್ಬೇಕು.'

'ಆಹಾ! ಭಾವನ ಹೆಸರ ನನ್ ಬಾಯಲ್ಲಿ ಹೇಳಿಸ್ತೀಯಾ?'

'ಅವ್ವಾ, ಅವ್ರು ಸತ್ತು ಎಪ್ಪತ್ತು ವರ್ಷದ ಮೇಲಾಯ್ತು, ಹೇಳ್ಬುಡು' ಎಂದ ಗಂಗಾಧರ.

'ಸತ್ರೆ? ಭಾವ ಅಲ್ದೇ ಹೋದ್ರಾ?'

ಅನಂತರಾಜು ಚೀಲದಿಂದ ಪಟ್ಟಿ ತೆಗೆದು ಆ ತಲೆಮಾರಿನ ಹೆಸರುಗಳನ್ನು ಒಂದೊಂದಾಗಿ ಓದಿದ. ಹೊಂಬಾಳಮ್ಮ ಕಾಯಿ ಸುಲಿಯುತ್ತಲೇ ಇದ್ದಳು. 'ಪುಟ್ಟರಂಗಯ್ಯ' ಎಂದ ಕೂಡಲೇ ಕೈ ನಿಂತಿತು, ಸೆರಗು ತಲೆಯ ಮೇಲೆ ಬಂತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಎದ್ದು ಬರುತ್ತಿದ್ದರು. ಅನಂತರಾಜು ಪಟ್ಟಿಯನ್ನು ಹಿಂದುಮುಂದಾಗಿ ಇನ್ನೊಂದು ಸಲ ಓದಿದ. ಅದೇ ಹೆಸರಿಗೆ ಸೆರಗು ಮತ್ತೆ ಮೇಲೇರಿತು.

'ಇನ್ನೆಷ್ಟು ಸಲ ತಲೆ ಮುಚ್ಚಿಸ್ತೀಯೋ, ಮೂದೇವಿ!' ಎಂದು ಅವಳು ಸಿಪ್ಪೆ ಎಸೆದಳು.

ಮಾಯವಾದ ಮೊಮ್ಮಗ ಬೋರಪ್ಪನಾಗಿ ಕೊತ್ತಗೆರೆಯಲ್ಲಿದ್ದ. ಅನಂತರಾಜು ಇದೇ ಮನೆಗೆ ಐದಾರು ಸಲ ಬಂದು ಗಂಡಸರನ್ನೆಲ್ಲ ಕೇಳಿದ್ದ. ಕಾಫಿ ತಂದುಕೊಟ್ಟವಳನ್ನು ಕೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: 'ಆಧಾರ: ಹೊಂಬಾಳಮ್ಮನವರು, ಗುಬ್ಬಿ. ಹೆಸರು ಹೇಳಲಿಲ್ಲ.'

ಬಸ್ ಸ್ಟ್ಯಾಂಡಿನಿಂದಲೇ ಕೊತ್ತಗೆರೆಗೆ ಫೋನು ಮಾಡಿದ.

'ಅಕ್ಕ, ತಪ್ಪಾಯ್ತು. ನಿಮ್ಮಪ್ಪ ಸಿಕ್ಕಿದ್ರು.'

'ಎಲ್ಲಿದ್ರಂತೆ?'

ಅವನು ಎಲ್ಲವನ್ನೂ ಹೇಳಿದ. ಆಮೇಲೆ ಹನುಮಕ್ಕ ಮೆಲ್ಲಗೆ, ಹೊಸ ರುಚಿ ನೋಡುವವಳಂತೆ, 'ಪುಟ್ಟರಂಗಯ್ಯ' ಎಂದಳು. ಮತ್ತೊಮ್ಮೆ ಅಂದಳು. ಅಪ್ಪನ ಹೆಸರು ಹೇಳಲು ಮಗಳಿಗೆ ಯಾವ ಅಡ್ಡಿಯೂ ಇಲ್ಲ.

ಅಷ್ಟರಲ್ಲಿ ಫ್ಲೆಕ್ಸ್ ಪ್ರಿಂಟ್ ಆಗಿಬಿಟ್ಟಿತ್ತು. ಚಿಕ್ಕ ಪುಟ್ಟರಂಗಯ್ಯನ ಕೆಳಗೆ ಹನುಮಕ್ಕನ ಐದು ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳನ್ನೆಲ್ಲ ತುಂಬಲು ಜಾಗವೆಲ್ಲಿ? ಭಾನುವಾರ ಬೆಳಿಗ್ಗೆ ಅನಂತರಾಜು ಛತ್ರದ ಗೋಡೆಗೆ ಎರಡು ಡ್ರಾಯಿಂಗ್ ಶೀಟು ಅಂಟಿಸಿ, ಫ್ಲೆಕ್ಸಿನಿಂದ ಅದಕ್ಕೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದ. ಗೆರೆ ಸೊಟ್ಟಗಾಯಿತು. ಅದನ್ನೇ ನೋಡಿ ನೋಡಿ ಹಳಹಳಿಸುತ್ತಿದ್ದ.

'ಗೆರೆ ಸೊಟ್ಟಗಿದ್ರೇನು, ಜನ ನೆಟ್ಟಗೆ ಬರ್ಲಿ ಸುಮ್ನಿರಿ' ಎಂದಳು ನೇತ್ರಾವತಿ.

ಹನ್ನೊಂದಕ್ಕೆ ಟೆಂಪೋ ಟ್ರಾವೆಲರ್ ಒಂದು ಬಂದು ನಿಂತಿತು. ಇಪ್ಪತ್ತಮೂರು ಜನ ಇಳಿದರು. ಕೊನೆಯಲ್ಲಿ, ಹೊಸ ಸೀರೆ ಉಟ್ಟ ಹನುಮಕ್ಕ. ಓದು ಬಾರದ ಅವಳು ನೇರವಾಗಿ ಗೋಡೆಯ ಹತ್ತಿರ ಹೋಗಿ ಅನಂತರಾಜುವಿನ ಕೈ ಹಿಡಿದು, 'ಎಲ್ಲವ್ರೆ ತೋರ್ಸು' ಎಂದಳು. ಅವನು ತೋರಿಸಿದ. ಅಕ್ಷರದ ಮೇಲೆ ಒರಟು ಬೆರಳಾಡಿಸಿದಳು.

'ಇಷ್ಟು ಸಣ್ಣಕ್ಕಾ?'

'ಎಲ್ಲರದೂ ಅಷ್ಟೇ ಅಕ್ಕ.'

'ಹೋಗ್ಲಿ ಬುಡು, ಎಲ್ಲರ ಜೊತೆ ಅವ್ರಲ್ಲ' ಎಂದು ಅವಳು ಸುತ್ತ ನೆರೆದ ಗುರುತಿಲ್ಲದ ನೆಂಟರನ್ನು ಒಮ್ಮೆ ನೋಡಿದಳು. ಒಳಗಿಂದ ಹುಳಿಯ ಘಮ ಬರುತ್ತಿತ್ತು. 'ನಡಿಯೋ, ಪಂಕ್ತಿ ಹಿಡಿಯಾನ. ನಿನ್ನೆಲೆ ನನ್ ಪಕ್ಕದಲ್ಲಿ.'