ಕಿತ್ತಳೆ ಮುಚ್ಚಳದ ಟ್ಯೂಬು

ಬೇಸಿಗೆ ಬಂತೆಂದರೆ ಚರ್ಮದ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬೆವರುಸಾಲೆ ಎದ್ದ ಬೆನ್ನುಗಳು, ಕೆಂಪಗೆ ಸುಟ್ಟ ಮೂಗುಗಳು, ತೊಡೆಸಂದಿಯ ತುರಿಕೆಯನ್ನು ಹೇಳಲೂ ಆಗದೆ ಬಿಡಲೂ ಆಗದೆ ಗೋಡೆಗೆ ಮುಖ ಮಾಡಿ ಕೂತ ಗಂಡಸರು. ಡಾಕ್ಟರಮ್ಮನ ಕೋಣೆಯಿಂದ ಹೊರಬಂದ ಇವರೆಲ್ಲ ಕೊನೆಗೆ ಬಂದು ನಿಲ್ಲುವುದು ಬಾಗಿಲ ಪಕ್ಕದ ಮೇಜಿನ ಮುಂದೆ. ಆ ಮೇಜಿನ ಹಿಂದೆ ಅವಳು ಕೂತಿರುತ್ತಾಳೆ.

ನಂಬರು ಕೊಡುವುದು, ಚೀಟಿ ಓದಿ ಹೇಳುವುದು, ಕರೆದರೆ ಒಳಗೆ ಹೋಗಿ ತಟ್ಟೆ ಹಿಡಿಯುವುದು, ಕೊನೆಗೆ ಬುದ್ಧಿ ಹೇಳುವುದು, ಇಷ್ಟು ಅವಳ ಕೆಲಸ. "ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಹೋಗ್ಬೇಡಿ. ಹೋಗ್ಲೇಬೇಕು ಅಂದ್ರೆ ತುಂಬು ತೋಳಿನ ಹತ್ತಿ ಬಟ್ಟೆ, ತಲೆಗೆ ಟೋಪಿ. ಕ್ರೀಮು ಎರಡು ಬೆರಳುದ್ದ ತಗೊಳ್ಳಿ, ಅದರಲ್ಲಿ ಜಿಪುಣತನ ಬೇಡ. ಎರಡು ಗಂಟೆಗೊಂದ್ಸಲ ಮತ್ತೆ ಹಚ್ಚಿ. ಬೆವರನ್ನ ಉಜ್ಜಬೇಡಿ, ಬಟ್ಟೇಲಿ ಒತ್ತಿ ತೆಗೀರಿ. ನೀರು ಕುಡೀರಿ." ಹನ್ನೊಂದು ವರ್ಷ ಹೇಳಿ ಹೇಳಿ ಅದು ಬಾಯಿಪಾಠವಾಗಿ ಹೋಗಿತ್ತು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಂದಕ್ಷರ ತಪ್ಪುತ್ತಿರಲಿಲ್ಲ.

ಓಣಿಯಲ್ಲಿ ಅವಳಿಗೆ 'ಅರ್ಧ ಡಾಕ್ಟ್ರು' ಎಂದು ಹೆಸರು. ಹೆಸರಿಟ್ಟವನು ಅವಳ ಅಣ್ಣ. ಯಾರ ಮಗುವಿಗೆ ಗುಳ್ಳೆ ಎದ್ದರೂ, ಯಾರ ಹಿಮ್ಮಡಿ ಒಡೆದರೂ, "ನಮ್ಮನೇಲಿ ಅರ್ಧ ಡಾಕ್ಟ್ರು ಇದಾಳೆ, ಬನ್ನಿ ಬನ್ನಿ" ಎಂದು ಅವನೇ ಕರೆತರುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ತಾನು ಶಾಲೆ ಬಿಟ್ಟು ಸ್ಟೇರಿಂಗ್ ಹಿಡಿದು ತಂಗಿಯನ್ನು ಓದಿಸಿದವನು ಅವನು. "ನಮ್ಮನೇಲಿ ಒಬ್ಬರಾದ್ರೂ ನೆರಳಲ್ಲಿ ಕೂತು ದುಡೀಬೇಕು" ಎಂಬುದು ಅವನ ಹಟ. ಆ ಹಟ ಗೆದ್ದ ಹೆಮ್ಮೆ ಅವನಿಗೆ. ಅರ್ಧ ಡಾಕ್ಟ್ರು ಅನ್ನಿಸಿಕೊಂಡ ಹೆಮ್ಮೆ ಅವಳಿಗೆ. ಮನೆಯ ಮೂರನೆಯವಳು ಅತ್ತಿಗೆ. ಇವರಿಬ್ಬರ ಹೆಮ್ಮೆಯ ನಡುವೆ ಅವಳ ಮಾತು ನಡೆದದ್ದು ಕಡಿಮೆ.

ಅಣ್ಣ ಓಡಿಸುತ್ತಿದ್ದದ್ದು ನೀರಿನ ಟ್ಯಾಂಕರು. ಜನಕ್ಕೆ ನೆರಳು ಬೇಕಾದಾಗಲೇ ನೀರೂ ಬೇಕು. ಹಾಗಾಗಿ ಬೇಸಿಗೆಯಲ್ಲಿ ಅವನಿಗೆ ದಿನಕ್ಕೆ ಹತ್ತು ಹನ್ನೆರಡು ಸುತ್ತು. ಒಳಗೆ ಇಂಜಿನ್ನಿನ ಕಾವು, ಹೊರಗೆ ಸೂರ್ಯ. ಗಾಳಿಗೆಂದು ಬಲಗೈಯನ್ನು ಕಿಟಕಿಯ ಮೇಲಿಟ್ಟು ಇಪ್ಪತ್ತಾರು ವರ್ಷ ಓಡಿಸಿದ್ದ. ಬಲಗೈ ಇದ್ದಿಲು, ಎಡಗೈ ಗೋಧಿ. ಎರಡನ್ನೂ ಜೋಡಿಸಿ ಚಾಚಿ, "ನೋಡ್ರಪ್ಪ, ಎರಡೂ ಬೇರೆ ಬೇರೆ ತಾಯಿ ಮಕ್ಕಳು" ಎಂದು ತಾನೇ ನಗುತ್ತಿದ್ದ. ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಅವಳೂ ನಕ್ಕಿದ್ದಳು.

ಕ್ಲಿನಿಕ್ಕಿನ ಮೇಜಿಗೆ ಒಂದು ಡ್ರಾಯರು. ಔಷಧ ಕಂಪನಿಯವರು ಕೊಟ್ಟು ಹೋದ ಸ್ಯಾಂಪಲ್ ಟ್ಯೂಬುಗಳು ಅದರಲ್ಲಿ ಬೀಳುತ್ತಿದ್ದವು. ಉದ್ದುದ್ದ ಹೆಸರುಗಳನ್ನು ಯಾರು ನೆನಪಿಡುತ್ತಾರೆ? ಅವಳಿಗೆ ಎಲ್ಲವೂ ಮುಚ್ಚಳದ ಬಣ್ಣದಿಂದ ಗೊತ್ತು. ಹಸಿರು ಮುಚ್ಚಳ ತುರಿಕೆಗೆ, ಬಿಳಿ ಮುಚ್ಚಳ ಬಿಸಿಲಿಗೆ, ಕಿತ್ತಳೆ ಮುಚ್ಚಳ ಕೆಂಪು ಇಳಿಸಲಿಕ್ಕೆ. ಈ ಮೂರನೆಯದರ ಮೇಲೆ ಅವಳಿಗೆ ಬಹಳ ಭಕ್ತಿ. ಎಂಥ ಉರಿಯೂ ಮೂರು ದಿನದಲ್ಲಿ ಹೇಳಹೆಸರಿಲ್ಲದಂತಾಗುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಡಾಕ್ಟರಮ್ಮ ಮಾತ್ರ ಅದನ್ನು ಕೈ ಬಿಗಿಹಿಡಿದು ಬರೆಯುತ್ತಿದ್ದರು. "ಇದು ಐದು ದಿನಕ್ಕೆ ಮದ್ದು, ಆರನೇ ದಿನಕ್ಕೆ ವಿಷ ಅಂತ ತಿಳ್ಕೋ. ನನ್ನನ್ನ ಕೇಳ್ದೆ ಒಂದು ಟ್ಯೂಬೂ ಆಚೆ ಹೋಗಬಾರದು" ಎಂದು ಎರಡು ಸಲ ಹೇಳಿದ್ದರು. ಅವಳು ಎರಡು ಸಲವೂ ತಲೆಯಾಡಿಸಿದ್ದಳು, ಎರಡು ಸಲವೂ ಸಂಜೆ ಚೀಲದಲ್ಲಿ ಒಂದೊಂದು ಹಾಕಿಕೊಂಡು ಬಂದಿದ್ದಳು.

ಬಿಳಿ ಮುಚ್ಚಳದವನ್ನೂ ತರುತ್ತಿದ್ದಳು. ಅವು ಅವಳ ಮುಖಕ್ಕೆ. ಬಸ್ಸಿನಲ್ಲಿ ನಾಲ್ಕು ಸ್ಟಾಪು ಹೋಗಿ ಬರಲು ಎರಡು ಬೆರಳುದ್ದ ಹಚ್ಚಿಕೊಳ್ಳುತ್ತಿದ್ದಳು. ಅಣ್ಣನಿಗೆ ಒಂದು ಕೊಡಬೇಕೆಂದು ಹನ್ನೊಂದು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಹೊಳೆಯಲಿಲ್ಲ. ಗಂಡಸರಿಗೆ, ಅದೂ ಟ್ಯಾಂಕರ್ ಓಡಿಸುವವರಿಗೆ, ಕ್ರೀಮು ಎಂಥದ್ದು! ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ.

ಎರಡು ಬೇಸಿಗೆಗಳ ಹಿಂದೆ ಅಣ್ಣನ ಬಲ ಮುಂಗೈ ಮೇಲೆ ಬೇಳೆಯಷ್ಟು ಅಗಲದ ಒಂದು ಒರಟು ಕಲೆ ಎದ್ದಿತು. ಸುತ್ತ ಕೆಂಪು, ಮೇಲೆ ಹಕ್ಕಳೆ, ಕಿತ್ತರೆ ರಕ್ತ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಏನಿಲ್ಲ, ಬಿಸಿಲಿನ ಕಾವು" ಎಂದು ತೀರ್ಪು ಕೊಟ್ಟು ಕಿತ್ತಳೆ ಮುಚ್ಚಳ ತಿರುಗಿಸಿದಳು. ನಾಲ್ಕು ದಿನಕ್ಕೆ ಕೆಂಪು ಇಳಿಯಿತು. ಅಣ್ಣ ಆ ಕೈಯನ್ನು ಟ್ಯಾಂಕರ್ ನಿಲ್ದಾಣದಲ್ಲಿ ಎಲ್ಲರಿಗೂ ತೋರಿಸಿ ಬಂದ. ತಿಂಗಳಿಗೆ ಮತ್ತೆ ಎದ್ದಿತು, ಮತ್ತೆ ಹಚ್ಚಿದಳು. ಆಮೇಲೆ ಅದೊಂದು ದಿನಚರಿಯೇ ಆಯಿತು. ಸಂಜೆ ಕೈಕಾಲು ತೊಳೆದು ಬಂದವನೇ ಅಣ್ಣ ಕೈ ಚಾಚುತ್ತಿದ್ದ, ಅವಳು ಹಚ್ಚುತ್ತಿದ್ದಳು.

"ಹೀಗೆ ಎಷ್ಟು ದಿನ?" ಎಂದು ಅತ್ತಿಗೆ ಕೇಳಿದ್ದಳು. "ಮಾಯೋ ಹಾಗಿದ್ರೆ ಇಷ್ಟೊತ್ತಿಗೆ ಮಾಯ್ಬೇಕಿತ್ತು. ಒಂದ್ಸಲ ಡಾಕ್ಟ್ರಮ್ಮಂಗೆ ತೋರ್ಸು."

"ಅಲ್ಲಿ ದಿನಾ ಇಂಥ ಕೈ ನಲವತ್ತು ನೋಡ್ತೀನಿ ಅತ್ತಿಗೆ. ನಾನು ಹೇಳಿದ್ರೆ ಸಾಲ್ದಾ? ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ನೆ ಹೇಳಿದಾರಾ!"

"ಬಿಡೇ, ಅವಳಿಗೆ ಗೊತ್ತಿಲ್ದೇ ಇರೋದು ನಿನಗೆ ಗೊತ್ತಾ?" ಎಂದು ಅಣ್ಣ ಹೆಂಡತಿಯನ್ನೇ ಗದರಿದ.

ಆದರೆ ಅತ್ತಿಗೆಯ ಪ್ರಶ್ನೆ ನಾದಿನಿಯ ಎದೆಯಲ್ಲಿ ಮುಳ್ಳಾಗಿ ಕೂತಿತು. ಎರಡನೇ ಬೇಸಿಗೆಯ ಹೊತ್ತಿಗೆ ಕಲೆ ಗೋಲಿಯ ಅಗಲವಾಗಿ ಅಂಚು ಗಟ್ಟಿಯಾಗಿತ್ತು. ಇದು ಕಾವಲ್ಲ ಎಂದು ಅವಳಿಗೆ ಒಳಗೊಳಗೇ ಗೊತ್ತಾಗಿತ್ತು. ಅಣ್ಣನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರೆ ಡಾಕ್ಟರಮ್ಮ ಕೇಳುವ ಮೊದಲ ಮಾತೇ 'ಏನು ಹಚ್ಚಿದ್ರಿ?' ಕೇಳಿದರೆ ಡ್ರಾಯರಿನ ವಿಷಯ ಬರುತ್ತದೆ. ಡ್ರಾಯರಿನ ವಿಷಯ ಬಂದರೆ ಮೇಜು ಹೋಗುತ್ತದೆ. ಮುಂದಿನ ವಾರ, ಮುಂದಿನ ವಾರ ಎಂದು ಮುಂದೂಡುತ್ತಾ ಅವಳು ಇನ್ನೊಂದು ಟ್ಯೂಬು ತಂದಳು. ಹೆಮ್ಮೆಗೆ ಮಾಡಿದ ತಪ್ಪನ್ನು ಯಾರಾದರೂ ಕ್ಷಮಿಸಿಯಾರು. ಇದನ್ನು ಅವಳು ಮಾಡಿದ್ದು ಹೆದರಿಕೆಗೆ.

ಒಂದು ಮಧ್ಯಾಹ್ನ ಕ್ಲಿನಿಕ್ಕಿನ ಗಾಜಿನ ಬಾಗಿಲು ತಳ್ಳಿಕೊಂಡು ಅತ್ತಿಗೆ ಬಂದಳು. ಹಿಂದೆ ಅಣ್ಣ, ಕೈಗೊಂದು ಕರವಸ್ತ್ರ ಸುತ್ತಿಕೊಂಡು, ಮನಸ್ಸಿಲ್ಲದ ಮನಸ್ಸಿನಿಂದ. ಹನ್ನೊಂದು ವರ್ಷದಲ್ಲಿ ಇಬ್ಬರೂ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು; ಡಾಕ್ಟರಮ್ಮ ಅವರ ಮುಖ ಕಂಡವರಲ್ಲ.

"ಒಂದು ನಂಬರ್ ಕೊಡಿ" ಎಂದಳು ಅತ್ತಿಗೆ.

ಮನೆಯಲ್ಲಿ 'ಕೊಡೇ' ಅನ್ನುವವಳು 'ಕೊಡಿ' ಅಂದಿದ್ದಳು. ನಾದಿನಿ ಇಪ್ಪತ್ತೇಳನೇ ನಂಬರು ಕೊಟ್ಟಳು. ಇಬ್ಬರೂ ಎರಡೂವರೆ ಗಂಟೆ ಬೆಂಚಿನ ಮೇಲೆ ಎಲ್ಲರಂತೆ ಕೂತರು. ಮುಂದೆ ಬಿಡು ಎಂದು ಕೇಳಲಿಲ್ಲ. ಬಿಡಲು ಅವಳಿಗೂ ಧೈರ್ಯವಾಗಲಿಲ್ಲ.

ಡಾಕ್ಟರಮ್ಮ ದೀಪ ಹತ್ತಿರಕ್ಕೆಳೆದು, ಭೂತಗನ್ನಡಿ ಹಿಡಿದು, ಬಹಳ ಹೊತ್ತು ನೋಡಿದರು. ಕಂಕುಳ ಕೆಳಗೆ ಬೆರಳಿಟ್ಟು ಒತ್ತಿದರು. ಅವಳು ಪಕ್ಕದಲ್ಲಿ ಹತ್ತಿ, ಚಿಮಟವಿದ್ದ ತಟ್ಟೆ ಹಿಡಿದು ನಿಂತಿದ್ದಳು.

"ಎಷ್ಟು ದಿನ ಆಯ್ತು?"

"ಎರಡು ವರ್ಷ" ಎಂದಳು ಅತ್ತಿಗೆ.

"ಏನು ಹಚ್ಚಿದ್ರಿ? ಸುಳ್ಳು ಹೇಳ್ಬೇಡಿ. ಸುತ್ತ ಚರ್ಮ ಕಾಗದದ ಹಾಗಾಗಿದೆ. ಏನೋ ಬಲವಾದ್ದನ್ನೇ ಹಚ್ಚಿದೀರ."

ಅಣ್ಣ ತಲೆ ಎತ್ತಿದ. ತಟ್ಟೆ ಹಿಡಿದವಳನ್ನು ಒಂದು ಕ್ಷಣ ನೋಡಿದ. ಗುರುತು ಪರಿಚಯ ಇಲ್ಲದವನ ನೋಟ ಅದು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ಮೆಡಿಕಲ್ ಶಾಪಿನವನು ಕೊಟ್ಟ ಮೇಡಂ. ಒಳ್ಳೇದು ಅಂದ, ಹಚ್ಕೊಂಡೆ" ಅಂದ.

ಡಾಕ್ಟರಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಅವನೇನು ಡಾಕ್ಟ್ರಾ? ಅವನು ಕೊಟ್ಟ, ನೀವು ಹಚ್ಕೊಂಡ್ರಿ! ಮೇಲಿನ ಕೆಂಪು ಇಳೀತು, ಒಳಗೆ ಅದು ಬೆಳೀತಾನೇ ಇತ್ತು. ಎರಡು ವರ್ಷದ ಹಿಂದೆ ಬಂದಿದ್ರೆ ಇದೇ ಕುರ್ಚಿ ಮೇಲೆ ಹತ್ತು ನಿಮಿಷದ ಕೆಲ್ಸ. ಉಗುರಲ್ಲಿ ಹೋಗೋದಕ್ಕೆ ಈಗ ಕೊಡಲಿ ತಗೋಬೇಕು. ಓದಿಲ್ಲ ಅಂದ್ರೆ ಬುದ್ಧೀನೂ ಇರಲ್ವಾ?"

ತನ್ನ ಅನ್ನ ತಿಂದು ಬೆಳೆದ ತಂಗಿಯ ಎದುರಿಗೆ, ನಲವತ್ತೈದರ ಹತ್ತಿರದ ಆ ಮನುಷ್ಯ ಹೋಂವರ್ಕ್ ಮಾಡದ ಹುಡುಗನ ಹಾಗೆ ತಲೆ ತಗ್ಗಿಸಿ ಬೈಗುಳ ಪೂರಾ ಕೇಳಿಸಿಕೊಂಡ. ಅತ್ತಿಗೆ ನಾದಿನಿಯ ಮುಖವನ್ನೇ ನೋಡುತ್ತಿದ್ದಳು, ಏನೋ ಒಂದನ್ನು ಕಾಯುತ್ತಿರುವವಳ ಹಾಗೆ. ನಾದಿನಿ ತಟ್ಟೆಯಿಂದ ಚಿಮಟ ಎತ್ತಿ ಡಾಕ್ಟರಮ್ಮನ ಕೈಗೆ ಕೊಟ್ಟಳು.

ಡಾಕ್ಟರಮ್ಮ ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸಿ, ಅವಳತ್ತ ನೋಡದೆ ಹೇಳಿದರು: "ಇವರಿಗೆ ಬಿಸಿಲಿನ ವಿಷ್ಯ ಸರಿಯಾಗಿ ಹೇಳಿ ಕಳಿಸಮ್ಮ."

ಅವಳು ಮೇಜಿನ ಹಿಂದೆ ಹೋಗಿ ಕೂತಳು. ಅಣ್ಣ ಮುಂದೆ ನಿಂತ. ಕೋಣೆಯ ಬಾಗಿಲು ತೆರೆದೇ ಇತ್ತು.

"ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಹೋಗ್ಬೇಡಿ" ಎಂದು ಶುರು ಮಾಡಿದಳು. ಇಪ್ಪತ್ತಾರು ವರ್ಷ ಹತ್ತರಿಂದ ನಾಲ್ಕರವರೆಗೆ ಬಿಸಿಲಲ್ಲೇ ಇದ್ದವನಿಗೆ. "ಹೋಗ್ಲೇಬೇಕು ಅಂದ್ರೆ ತುಂಬು ತೋಳಿನ ಹತ್ತಿ ಬಟ್ಟೆ. ಕ್ರೀಮು ಎರಡು ಬೆರಳುದ್ದ. ಎರಡು ಗಂಟೆಗೊಂದ್ಸಲ."

"ಆಯ್ತು ಮೇಡಂ" ಎಂದ ಅಣ್ಣ.

ಹತ್ತು ದಿನಕ್ಕೆ ಫಲಿತಾಂಶ ಬಂತು. ಎಲ್ಲರೂ ಹೆದರಿದ್ದೇ ಆಗಿತ್ತು, ಚರ್ಮದ ಕ್ಯಾನ್ಸರು. ದೊಡ್ಡಾಸ್ಪತ್ರೆಯವರು ಮುಂಗೈಯಿಂದ ಅಂಗೈಯಗಲ ಮಾಂಸ ತೆಗೆದು, ತೊಡೆಯ ಚರ್ಮ ತಂದು ಹೊದಿಸಿದರು. ಕಂಕುಳ ಗಂಟುಗಳನ್ನೂ ತೆಗೆದರು. ಜೀವ ಉಳಿಯುತ್ತದೋ ಇಲ್ಲವೋ ಎರಡು ವರ್ಷ ನೋಡಬೇಕು ಅಂದರು. ಕೈಯೇನೋ ಉಳಿಯಿತು, ಹಿಡಿತ ಉಳಿಯಲಿಲ್ಲ. ಉಂಗುರದ ಬೆರಳು, ಕಿರುಬೆರಳು ಮಡಚುವುದಿಲ್ಲ. ಟ್ಯಾಂಕರಿಗೆ ಬೇರೆ ಡ್ರೈವರ್ ಬಂದ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವಳು ಅಣ್ಣನ ಕಾಲ ಬಳಿ ಕೂತು ಅತ್ತಳು. "ನಾನೇ ಹೇಳ್ಬಿಡ್ತೀನಣ್ಣ. ನಾಳೇನೇ ಹೋಗಿ ಡಾಕ್ಟ್ರಮ್ಮಂಗೆ ಎಲ್ಲಾ ಹೇಳ್ಬಿಡ್ತೀನಿ."

"ಹುಚ್ಚೀ, ಹೇಳಿದ್ರೆ ನನ್ನ ಬೆರಳು ಮಡಚುತ್ತಾ?" ಎಂದ ಅಣ್ಣ. "ನನ್ನ ಕೆಲ್ಸ ಹೋಯ್ತು. ನಿಂದೂ ಹೋದ್ರೆ ಮೂವರೂ ಏನು ತಿನ್ನೋಣ? ನಮ್ಮನೇಲಿ ಒಬ್ಬರಾದ್ರೂ ನೆರಳಲ್ಲಿ ಕೂತಿರ್ಲಿ."

ಅಡುಗೆಮನೆಯಲ್ಲಿ ಅತ್ತಿಗೆ ಪಾತ್ರೆ ತೊಳೆಯುತ್ತಿದ್ದಳು. ತಿರುಗದೆಯೇ ಹೇಳಿದಳು: "ಅವರು ಸುಳ್ಳು ಹೇಳ್ತಾರೆ ಅಂತ ನನಗೆ ಗೊತ್ತಿತ್ತು. ನೀನು ಬಾಯಿ ಬಿಡ್ತೀಯ ಅಂದ್ಕೊಂಡಿದ್ದೆ." ಅಷ್ಟೇ. ಆಮೇಲೆ ಆ ವಿಷಯ ಎತ್ತಲಿಲ್ಲ. ನಾಲ್ಕು ಮಾತು ಬೈದಿದ್ದರೆ ನಾದಿನಿಗೆ ಹಗುರವಾಗುತ್ತಿತ್ತೇನೋ.

ಅಣ್ಣ ಈಗ ಇಡೀ ದಿನ ಒಳಗೇ ಕೂತಿರುತ್ತಾನೆ. ಬಿಸಿಲು ಬೀಳದೆ ಬಲಗೈಯ ಕಪ್ಪು ದಿನದಿಂದ ದಿನಕ್ಕೆ ಬಿಡುತ್ತಿದೆ. ಒಮ್ಮೆ ಎರಡೂ ಕೈ ಜೋಡಿಸಿ ನೋಡಿಕೊಂಡು, "ಅಂತೂ ಒಂದೇ ತಾಯಿ ಮಕ್ಕಳಾದ್ವು" ಅಂದ. ಮನೆಯಲ್ಲಿ ಯಾರೂ ನಗಲಿಲ್ಲ.

ಅವಳು ಡಾಕ್ಟರಮ್ಮನಿಗೆ ಹೇಳಲಿಲ್ಲ. ಮೊದಲ ವಾರ ಹೇಳಬೇಕೆಂದು ಬಾಯಿವರೆಗೆ ಬಂತು, ಎರಡನೇ ವಾರ ಗಂಟಲಲ್ಲೇ ನಿಂತಿತು, ಮೂರನೇ ವಾರ ಡಾಕ್ಟರಮ್ಮನೇ ಅವಳನ್ನು ಕರೆದರು. "ಆ ಟ್ಯಾಂಕರ್ ಡ್ರೈವರ್ ಇದಾರಲ್ಲ, ಪಾಪ, ಅವರ ಕಥೆ ಎಲ್ಲರಿಗೂ ಹೇಳಮ್ಮ. ಕ್ರೀಮಿನ ಜೊತೆಗೆ ಇದನ್ನೂ ಹೇಳು. ಬರೀ ಬುದ್ಧಿವಾದ ಯಾರ ಕಿವಿಗೂ ಹೋಗಲ್ಲ, ಇಂಥದ್ದು ಹೋಗುತ್ತೆ."

ಅಂದಿನಿಂದ ಬಾಯಿಪಾಠಕ್ಕೆ ನಾಲ್ಕು ಸಾಲು ಸೇರಿದವು. "ನೀರು ಕುಡೀರಿ" ಆದ ಮೇಲೆ, "ಯಾರ್ಯಾರೋ ಕೊಟ್ಟ ಮುಲಾಮು ಹಚ್ಕೋಬೇಡಿ. ಇಲ್ಲೇ ಒಬ್ಬರು ಡ್ರೈವರ್ ಇದಾರೆ. ಮೆಡಿಕಲ್ ಶಾಪಿನವನು ಕೊಟ್ಟದ್ದನ್ನ ಎರಡು ವರ್ಷ ಹಚ್ಚಿದ್ರು. ಕೈ ಹೋಯ್ತು." ದಿನಕ್ಕೆ ನಲವತ್ತು ಸಲ. ಅಣ್ಣ ಒಮ್ಮೆ ಹೇಳಿದ ಸುಳ್ಳನ್ನು ಅವಳು ದಿನಕ್ಕೆ ನಲವತ್ತು ಸಲ ಹೇಳುತ್ತಾಳೆ. ಮೊದಮೊದಲು ನಾಲಿಗೆ ತಡವರಿಸುತ್ತಿತ್ತು. ಈಗ ಒಂದಕ್ಷರ ತಪ್ಪುವುದಿಲ್ಲ.

ಮೊನ್ನೆ ಅಣ್ಣನ ಗಾಯ ತೋರಿಸುವ ದಿನ. ಅಣ್ಣ ಅತ್ತಿಗೆ ನಂಬರು ಹಿಡಿದು ಬೆಂಚಿನ ಮೇಲೆ ಕೂತಿದ್ದರು. ಮೇಜಿನ ಮುಂದೆ ನಿಂತಿದ್ದ ಒಬ್ಬ ಹೆಂಗಸು, ಕತ್ತಿನ ತುಂಬ ಬೆವರುಸಾಲೆ ಎದ್ದವಳು, ಕಥೆ ಕೇಳಿ ಲೊಚಗುಟ್ಟಿದಳು.

"ಅಯ್ಯೋ ಪಾಪ! ಆ ಅಂಗಡಿಯವನಿಗೆ ಯಾರೂ ಏನೂ ಮಾಡ್ಲಿಲ್ವಾ?"

ಬೆಂಚಿನ ಮೇಲಿಂದ ಅತ್ತಿಗೆ ತಲೆ ಎತ್ತಿದಳು. ಅಣ್ಣ ತನ್ನ ಕೈಯ ಬ್ಯಾಂಡೇಜು ನೋಡುತ್ತಿದ್ದ.

"ಇಲ್ಲ" ಎಂದಳು ಮೇಜಿನ ಹಿಂದಿದ್ದವಳು. "ಅವನು ಈಗಲೂ ಅಲ್ಲೇ, ಅದೇ ಜಾಗದಲ್ಲಿ, ನೆರಳಲ್ಲಿ ಕೂತಿದಾನೆ."

ಆಮೇಲೆ ಮುಂದಿನ ನಂಬರು ಕರೆದಳು. ಅದು ಅಣ್ಣನದು.