ಹಿಂಬಾಗಿಲ ಬೀಗ

ನಾನು ನೋಡಿದಷ್ಟು ದೇವಸ್ಥಾನದ ಹೊರಗೋಡೆಗಳನ್ನು ನಮ್ಮ ಮನೆತನದಲ್ಲಿ ಇನ್ಯಾರೂ ನೋಡಿರಲಿಕ್ಕಿಲ್ಲ. ಒಳಗಿನ ದೇವರನ್ನು ಮಾತ್ರ ಮದುವೆಯಾಗಿ ಬಂದ ಮೇಲೆ ಒಂದು ಸಲವೂ ಕಂಡಿಲ್ಲ. ನಮ್ಮ ವ್ಯಾನಿನ ಹಿಂಬಾಗಿಲಿಗೆ ಬೀಗ ಬೀಳುವುದಿಲ್ಲ, ಅದಕ್ಕೇ. ಎಲ್ಲರ ಬಟ್ಟೆಬರೆ, ಚೀಲ, ಚಪ್ಪಲಿ ಅದರೊಳಗೇ ಇರುತ್ತವೆ. ಯಾರಾದರೂ ಒಬ್ಬರು ಕಾಯಬೇಕು. ಆ ಒಬ್ಬರು ನಾನೇ ಎಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗೇ ಆಗಿಹೋಯಿತು. ನೀವು ಬಂದ ಮೇಲೆ ನಾನೊಬ್ಬಳು ಹೋಗಿಬರುತ್ತೇನೆ ಎಂದರೆ ಅಷ್ಟರಲ್ಲಿ ಗರ್ಭಗುಡಿಯ ಬಾಗಿಲು ಹಾಕಿರುತ್ತದೆ, ಇಲ್ಲವೇ ಮುಂದಿನ ದೇವಸ್ಥಾನಕ್ಕೆ ಹೊತ್ತಾಗಿರುತ್ತದೆ.

ನಗಬೇಡಿ, ನನ್ನ ಗಂಡ ಬೀಗ ರಿಪೇರಿ ಮಾಡುವವರು. ಬೀದಿಯಲ್ಲಿ ಯಾರ ಬೀರು ತೆರೆಯದಿದ್ದರೂ ಊಟ ಬಿಟ್ಟು ಎದ್ದು ಓಡುತ್ತಾರೆ. ನಮ್ಮ ವ್ಯಾನಿನ ಮಾತೆತ್ತಿದರೆ ಮಾತ್ರ, "ಮಾಡೋಣ ಬಿಡು, ಅದೇನು ಮಹಾ."

ಅತ್ತೆಯೊಬ್ಬರೇ ನನ್ನನ್ನು ಮರೆಯದವರು. ದರ್ಶನ ಮುಗಿಸಿ ಬಂದವರೇ ವ್ಯಾನಿನಲ್ಲಿ ನನ್ನ ಪಕ್ಕ ಕೂತು, ಹೂವಿನ ಬಣ್ಣ ಯಾವುದು, ಕಿರೀಟದಲ್ಲಿ ಎಂಥ ಕಲ್ಲು, ಆರತಿ ಎತ್ತಿದಾಗ ದೇವರ ಕಣ್ಣು ಹೇಗೆ ಹೊಳೆಯಿತು, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದೆ. ನನಗೆ ಆಗುತ್ತಿದ್ದ ದರ್ಶನ ಅಷ್ಟೇ.

ಈ ಸಲ ಎರಡು ದಿನದಲ್ಲಿ ಮೂರು ದೇವಸ್ಥಾನ ಎಂದು ಮಾತಾಯಿತು. ಮೈದುನ ಸೋಫಾದ ಮೇಲೆ ಕಾಲು ಚಾಚಿ ಫೋನಿನಲ್ಲಿ ದಾರಿ ಹುಡುಕುತ್ತಿದ್ದ.

"ಮೊದಲು ಹೊಳೆ ದಂಡೇದು. ರಾತ್ರಿ ಬೆಟ್ಟದ ಕೆಳಗೆ ಉಳ್ಕೊಂಡು ಬೆಳಿಗ್ಗೆ ಬೆಟ್ಟ. ವಾಪಸ್ ಬರೋವಾಗ ದಾರೀಲಿ ಹಳೇ ಗುಡಿ. ಬೆಟ್ಟದ ರಸ್ತೆ ಈಗ ಚೆನ್ನಾಗಿದೆ ಅಣ್ಣ, ಗಾಡಿ ಮೇಲೇ ಹೋಗುತ್ತೆ."

"ಮೇಲೆ ನೆರಳಿರೋ ಕಡೆ ನಿಲ್ಲಿಸ್ಬೇಕು," ಅಂದರು ಇವರು. "ಇವಳು ಕೂತಿರ್ಬೇಕಲ್ಲ."

ಎಂಥ ಕಾಳಜಿ! ಮೈಯೆಲ್ಲ ಉರಿದುಹೋಯಿತು.

"ನಾನು ಕೂರಲ್ಲ. ಈ ಸಲ ನಾನೂ ಒಳಗೆ ಬರ್ತೀನಿ."

ಮೈದುನ ನಕ್ಕ. ಈ ಮನೆಯಲ್ಲಿ ಎಲ್ಲರಿಗಿಂತ ಎತ್ತರ ನಾನೇ. ಅಟ್ಟದ ಡಬ್ಬಿ ಇಳಿಸಲು, ಫ್ಯಾನಿನ ಧೂಳು ಒರೆಸಲು ನಾನೇ ಬೇಕು. ಅದಕ್ಕೆ ಅವನು ನನಗೆ ಏಣಿ ಎಂದು ಹೆಸರಿಟ್ಟಿದ್ದ. "ಏಣಿ ಅತ್ತಿಗೆ, ನೀವೂ ಬಂದ್ಬಿಟ್ರೆ ಸಾಮಾನು ಯಾರು ನೋಡ್ಕೋತಾರೆ?"

"ಬೀಗ ನೋಡ್ಕೊಳ್ಳುತ್ತೆ. ಬೀಗ ಬೀಳೋ ತನಕ ಈ ಗಾಡಿ ಗೇಟು ದಾಟಲ್ಲ. ಬೇಕಾದ್ರೆ ನೀವೆಲ್ಲ ಬಸ್ಸಲ್ಲಿ ಹೋಗಿ."

"ಶನಿವಾರ ಹೊರಡೋದು ಕಣೆ," ಅಂದರು ಇವರು. "ಅಂಗಡೀಲಿ ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ. ಬಂದ ಮೇಲೆ ಮಾಡ್ಕೊಡ್ತೀನಿ."

"ನೀವೇನೂ ಮಾಡ್ಬೇಡಿ. ನಾನೇ ಮಾಡ್ಕೋತೀನಿ."

ಅತ್ತೆ ನನ್ನನ್ನೇ ನೋಡುತ್ತಿದ್ದರು.

ಮರುದಿನ ಇವರು ಅಂಗಡಿಗೆ ಹೋದದ್ದೇ ತಡ, ಸ್ಕ್ರೂಡ್ರೈವರ್ ಹಿಡಿದು ವ್ಯಾನಿನ ಹಿಂದೆ ಕೂತೆ. ಬಾಗಿಲ ಒಳಗಿನ ತಗಡು ಬಿಚ್ಚುವಷ್ಟರಲ್ಲಿ ಎರಡು ಬೆರಳು ತರಚಿಹೋದವು. ಒಳಗೆ ಇಣುಕಿದರೆ, ಕೀಲಿ ತಿರುಗಿಸಿದಾಗ ಕೊಂಡಿಯನ್ನು ಕಚ್ಚಿ ಹಿಡಿಯಬೇಕಾದ ತುಂಡೇ ಇಲ್ಲ! ಸವೆದದ್ದಲ್ಲ, ಮುರಿದು ಬಿದ್ದದ್ದೂ ಅಲ್ಲ. ಯಾರೋ ಅಚ್ಚುಕಟ್ಟಾಗಿ ಬಿಚ್ಚಿ ತೆಗೆದ ಹಾಗಿತ್ತು.

ಸ್ಕ್ರೂಡ್ರೈವರ್ ಕೈಯಲ್ಲೇ ಹಿಡಿದುಕೊಂಡು ನೆಟ್ಟಗೆ ಅಂಗಡಿಗೆ ನಡೆದೆ. ಗಿರಾಕಿಗಳು ತಾವಾಗಿಯೇ ದಾರಿ ಬಿಟ್ಟರು.

"ಆ ಬೀಗದ ತುಂಡು ಎಲ್ಲಿ ರೀ?"

ಇವರು ತಲೆ ತುರಿಸಿಕೊಂಡರು. "ಓ, ಅದಾ? ಯಾವಾಗಲೋ ಒಬ್ರು ಬಂದಿದ್ರು. ನಮ್ಮ ಥರದ್ದೇ ವ್ಯಾನು, ಒಳಗೆ ಮನೆ ಸಾಮಾನೆಲ್ಲ ತುಂಬಿತ್ತು, ಹಿಂಬಾಗಿಲಿಗೆ ಬೀಗ ಬೀಳ್ತಿರಲಿಲ್ಲ. ಪಾಪ ಅಂತ ನಮ್ದೇ ಬಿಚ್ಚಿ ಹಾಕಿ ಕಳಿಸ್ದೆ. ಆಮೇಲೆ ಮರೆತೇಹೋಯ್ತು."

"ಪ್ರತಿ ಸಲ ನನ್ನನ್ನ ಗಾಡೀಲಿ ಕೂರಿಸಿ ಹೋಗೋವಾಗ್ಲೂ ಮರೆತಿತ್ತಾ?"

ನನಗೆ ಅಳು ಒತ್ತರಿಸಿ ಬಂತು. ಯಾರದೋ ಸಾಮಾನು ಕ್ಷೇಮವಾಗಿ ಮನೆ ಸೇರಲೆಂದು ಇಷ್ಟು ವರ್ಷ ನಾನು ದೇವರ ಬಾಗಿಲಲ್ಲಿ ಚಪ್ಪಲಿ ಕಾಯ್ದಿದ್ದೆ. ಅಷ್ಟು ಜನರೆದುರು ಅಳುವುದಕ್ಕಿಂತ ಜಗಳವೇ ವಾಸಿ ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಇವರು ಎದ್ದು ಡ್ರಾಯರುಗಳನ್ನು ಜಾಲಾಡಿದರು. ಕೊನೆಗೆ ಎಣ್ಣೆ ಹಿಡಿದ ಒಂದು ಡಬ್ಬಿಯಲ್ಲಿ ಅಂಥದೇ ತುಂಡು ಸಿಕ್ಕಿತು. "ನಡಿ, ನಾನೇ ಬಂದು ಹಾಕ್ತೀನಿ."

"ಬೇಡ. ಹೇಗೆ ಹಾಕೋದು ಅಂತ ಹೇಳ್ಕೊಡಿ."

ಹೇಳಿಕೊಟ್ಟರು. ಮನೆಗೆ ಬಂದು ಮೊದಲ ಸಲ ತಲೆಕೆಳಗಾಗಿ ಕೂರಿಸಿದೆ. ಬಿಚ್ಚಿ ಮತ್ತೆ ಹಾಕಿದೆ. ಸಂಜೆ ಇವರು ಬಂದು ಹಿಂಬಾಗಿಲನ್ನು ಎರಡೂ ಕೈಯಲ್ಲಿ ಜಗ್ಗಿದರು. ಜಪ್ಪಯ್ಯ ಎಂದರೂ ತೆರೆಯಲಿಲ್ಲ. "ಗಟ್ಟಿಯಾಗೇ ಕೂತಿದೆ," ಎಂದು ನೆಲ ನೋಡುತ್ತಾ ಅಂದರು.

ಶನಿವಾರ ಬೆಳಿಗ್ಗೆ ಚೀಲಗಳನ್ನು ತುಂಬುವಾಗ ಮೈದುನ ಮತ್ತೆ ರಾಗ ಎಳೆದ. "ಬೀಗ ಏನೋ ಸರಿ. ಆದ್ರೂ ಒಬ್ರು ಗಾಡೀಲಿ ಇದ್ರೆ ಒಳ್ಳೇದು ಅಲ್ವಾ?"

"ಹಾಗಾದ್ರೆ ನೀನೇ ಕೂತ್ಕೋ," ಅಂದರು ಅತ್ತೆ. "ಅವಳು ಒಳಗೆ ಬರದಿದ್ರೆ ನಾನೂ ಗಾಡಿ ಇಳಿಯಲ್ಲ."

ಅವನು ತೆಪ್ಪಗೆ ಮುಂದಿನ ಸೀಟಿಗೆ ಹೋದ. ಅತ್ತೆ ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದರು. ಅವರು ನನ್ನ ಭುಜದ ಹತ್ತಿರಕ್ಕೂ ಬರುವುದಿಲ್ಲ. ತಲೆಯೆತ್ತಿ ನೋಡಿ, ದನಿ ತಗ್ಗಿಸಿ ಹೇಳಿದರು: "ನಾನು ಒಳಗೆ ಹೋಗಿ ಏನು ನೋಡಿದ್ದೀನಿ ಅಂದ್ಕೊಂಡಿದ್ದೀಯ? ಮುಂದೆ ನಿಂತೋರ ಬೆನ್ನು. ಅಷ್ಟರಲ್ಲಿ ಮುಂದೆ ಹೋಗಿ, ಮುಂದೆ ಹೋಗಿ ಅಂತ ನೂಕಿಬಿಡ್ತಾರೆ."

"ಮತ್ತೆ ಆ ಕಿರೀಟ? ಕಣ್ಣು ಹೊಳೆದಿದ್ದು?"

"ನೀನು ಆಸೆಯಿಂದ ಕಾಯ್ತಾ ಕೂತಿರ್ತಿದ್ದೆ. ಏನೂ ಕಾಣಿಸ್ಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಮನಸ್ಸಿಗೆ ಬಂದಿದ್ದು ಕಟ್ಟಿ ಹೇಳ್ದೆ." ಅವರ ಕಣ್ಣು ತುಂಬಿತ್ತು. "ಈ ಸಲ ನೀನು ನೋಡಿ ನಂಗೆ ಹೇಳು. ಇದ್ದದ್ದು ಇದ್ದ ಹಾಗೇ ಹೇಳು."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವರ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು. ಹಿಂಬಾಗಿಲು ಮುಚ್ಚಿ ಬೀಗ ಹಾಕಿದೆ. ಕೀಲಿಯನ್ನು ಅವರ ಅಂಗೈಯಲ್ಲಿಟ್ಟು ಬೆರಳು ಮಡಿಸಿದೆ.

"ಹೇಳೋದೆಲ್ಲ ಇಲ್ಲ ಅತ್ತೆ. ನಿಮ್ಮನ್ನೇ ಎತ್ತಿ ತೋರಿಸ್ತೀನಿ. ಏಣಿ ಅಂತ ಸುಮ್ನೆ ಹೆಸರಿಟ್ಟಿದ್ದಾನಾ ನಿಮ್ಮ ಮಗ?"

ಅತ್ತೆ ನಗಲಿಲ್ಲ. ನಾನೂ ತಮಾಷೆಗೆ ಹೇಳಿರಲಿಲ್ಲ.